ಸಣ್ಣ ದಾರಕ್ಕೆ ದೊಡ್ಡ ಕೊರಮೀನು

ಮುದ್ದೇನಹಳ್ಳಿ ಸುತ್ತಿನ ಕೆರೆಗಳಲ್ಲಿ ಹುಸಿ ಎರೆ ಕಟ್ಟಿ ಗಾಳ ಎಸೆಯುವ ರೈತರಿಗೆ ಒಂದು ಸಂದೇಹ ಬರುವುದು ಸಹಜ: 2 ಕಿಲೋ ಭಾರ ತಾಳುವ ನೈಲಾನ್ ದಾರಕ್ಕೆ 3 ಕಿಲೋ ಕೊರಮೀನು ಬಂದೀತೆ? ಖಂಡಿತ ಬರುತ್ತದೆ. ನೀರಿನೊಳಗೆ ಮೀನಿನ ತೂಕವನ್ನು ಬಹುಪಾಲು ನೀರೇ ಹೊರುತ್ತದೆ. ದಾರದ ಮೇಲೆ ಬೀಳುವುದು ಅದರ ಎಳೆತ ಮಾತ್ರ. ಆದ್ದರಿಂದ ಅರ್ಧ ಕಿಲೋ ಎಳೆತಕ್ಕೇ ದಾರ ಬಿಚ್ಚಿಕೊಳ್ಳುವಂತೆ ರೀಲಿನ ಬಿಗಿ ಇಡಬೇಕು. ಸ್ಪ್ರಿಂಗ್ ತಕ್ಕಡಿಗೆ ದಾರ ಸಿಕ್ಕಿಸಿ ಎಳೆದರೆ ಇದು ತಿಳಿಯುತ್ತದೆ. ಗಂಟು ಹಾಕಿದಲ್ಲಿ ದಾರದ ಬಲ ಕುಗ್ಗಿರುತ್ತದೆಂಬುದೂ ನೆನಪಿರಲಿ. ಮೀನು ಓಡಿದಾಗ ಓಡಲು ಬಿಡಿ. ನಿಂತಾಗ ಕೋಲನ್ನು ಮೆಲ್ಲಗೆ ಎತ್ತಿ, ತಗ್ಗಿಸುತ್ತಾ ದಾರ ಸುತ್ತಿಕೊಳ್ಳಿ. ಜೊಂಡಿನತ್ತ ತಿರುಗಿದರೆ ಮಾತ್ರ ಕೋಲನ್ನು ಪಕ್ಕಕ್ಕೆ ಬಾಗಿಸಿ ತಡೆಯಬೇಕು.

ದಾರ ಹರಿಯುವುದು ಹೆಚ್ಚಾಗಿ ದಡದಲ್ಲಿಯೇ. ಏರಿಯ ಮೇಲೆ ನಿಂತು ಮೀನನ್ನು ಎತ್ತಿದರೆ ಪೂರ್ತಿ 3 ಕಿಲೋ ದಾರದ ಮೇಲೆ ಬೀಳುತ್ತದೆ. ಏರಿಯ ಕಲ್ಲಿನ ಅಂಚೂ ದಾರವನ್ನು ಕೊಯ್ಯುತ್ತದೆ. ಬಾಯಲ್ಲಿ ಗಾಳ ಉಳಿದು ಹೋದ ಮೀನು ಮೇವು ತಿನ್ನಲಾರದೆ ಸಾಯಲೂಬಹುದು. ಆದುದರಿಂದ ಕೆರೆಯಂಗಳದ ಇಳಿಜಾರು ದಡಕ್ಕೆ ನಡೆದು, ಮೀನು ದಣಿದು ಮಗ್ಗುಲಾದ ಮೇಲೆ ಕೈಬಲೆಯನ್ನು ಅದರ ಅಡಿಗೆ ಹಿಡಿಯಿರಿ.

ಮಳೆಗಾಲದಲ್ಲಿ ಮೇಲ್ನೀರಿನಲ್ಲಿ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿ ಎರೆ ಎಸೆಯಬೇಡಿ. ಕೆಳಗೆ ತಾಯಿತಂದೆ ಮೀನುಗಳು ಕಾವಲಿರುತ್ತವೆ; ಅವನ್ನು ಹಿಡಿದರೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಕೆರೆಯ ಮೀನು ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರ ಒಪ್ಪಿಗೆಯನ್ನು ಮೊದಲೇ ಪಡೆಯತಕ್ಕದ್ದು.