ನೋವು ನನ್ನೊಳಗಿದೆಯೋ, ಊರೊಳಗಿದೆಯೋ?



*ಇಂದಿನ ಚಿಂತನೆ: ಮನೋವಿಜ್ಞಾನಿ ಜೇಮ್ಸ್ ಹಿಲ್‌ಮನ್*

ಕೆಲವು ವರ್ಷಗಳ ಹಿಂದಿನ ಮಾತು. ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಏಳನೇ ತರಗತಿಯ ಒಬ್ಬ ಹುಡುಗಿ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿಬಿಟ್ಟಳು. ಪದ್ಯ ಓದು ಎಂದರೆ ತಲೆ ತಗ್ಗಿಸುವಳು. ಬಿಸಿಯೂಟಕ್ಕೂ ಬರುತ್ತಿರಲಿಲ್ಲ. "ಕೀಳರಿಮೆ, ಆತ್ಮವಿಶ್ವಾಸ ಕಡಿಮೆ" ಎಂದು ನಾವು ಶಿಕ್ಷಕರೆಲ್ಲ ಸೇರಿ ತೀರ್ಮಾನಿಸಿದೆವು. ನಾನೂ ಅವಳನ್ನು ಕರೆದು "ಧೈರ್ಯವಾಗಿರಬೇಕಮ್ಮ" ಎಂದು ಬುದ್ಧಿ ಹೇಳಿದೆ. ಒಂದು ತಿಂಗಳಾದ ಮೇಲೆ ಅವಳ ತಾಯಿ ಬಂದು ಹೇಳಿದರು: "ಸಾರ್, ನನ್ನ ಮಗಳಿಗೆ ಏನೂ ಕಾಯಿಲೆ ಇಲ್ಲ. ನೀರಿನ ಡ್ರಮ್ಮಿನ ಹತ್ರ ಏನಾಯ್ತು ಅಂತ ನೀವ್ಯಾರೂ ಕೇಳ್ಲೇ ಇಲ್ಲ."

ಆಗಿದ್ದಿಷ್ಟು. ಹುಡುಗಿ ಲೋಟ ಅದ್ದಿ ನೀರು ತೆಗೆದುಕೊಳ್ಳಲು ಹೋದಾಗ "ನೀನು ಮುಟ್ಟಬೇಡ, ಬೇರೆಯವರು ಹಾಕ್ತಾರೆ" ಎಂದು ಯಾರೋ ಹೇಳಿದ್ದರು. ಅಂದಿನಿಂದ ಅವಳ ಬಾಯಿ ಕಟ್ಟಿತ್ತು. ನಾವು ಅವಳ ಮನಸ್ಸಿನೊಳಗೆ ಹುಡುಕುತ್ತಿದ್ದ ಕಾಯಿಲೆ ಶಾಲೆಯ ಜಗಲಿಯ ಮೇಲಿತ್ತು.

ಹಿಲ್‌ಮನ್ ಅವರ ವಿಚಾರಗಳನ್ನು ಓದುವಾಗ ಈ ಹುಡುಗಿ ಮತ್ತೆ ಮತ್ತೆ ನೆನಪಾದಳು. ಅದಕ್ಕೇ ಇಂದಿನ ಪಾಠಕ್ಕೆ ಅವರನ್ನು ಆರಿಸಿಕೊಂಡಿದ್ದೇನೆ.

*1. ಅವರು ಯಾರು?*

ಜೇಮ್ಸ್ ಹಿಲ್‌ಮನ್ ಹುಟ್ಟಿದ್ದು 1926ರಲ್ಲಿ, ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ನೌಕಾಪಡೆಯ ಆಸ್ಪತ್ರೆ ವಿಭಾಗದಲ್ಲಿ ಕೆಲಸ ಮಾಡಿದರು. ಆಮೇಲೆ ಪ್ಯಾರಿಸ್‌ನಲ್ಲಿ, ಡಬ್ಲಿನ್‌ನಲ್ಲಿ ಓದಿದರು. ನಮ್ಮ ಕಾಶ್ಮೀರದಲ್ಲೂ ಕೆಲಕಾಲ ಇದ್ದರು. ಅಲ್ಲಿನ ಗೋಪಿಕೃಷ್ಣ ಎಂಬುವರು ತಮ್ಮ ಕುಂಡಲಿನಿ ಅನುಭವದ ಬಗ್ಗೆ ಪುಸ್ತಕ ಬರೆದಾಗ ಅದಕ್ಕೆ ಮನೋವೈಜ್ಞಾನಿಕ ವ್ಯಾಖ್ಯಾನ ಬರೆದವರು ಇದೇ ಹಿಲ್‌ಮನ್.

ಎಚ್ಚರದಲ್ಲಿರುವಾಗ ನಮಗೆ ತಿಳಿಯದ ಮನಸ್ಸಿನ ಪದರಗಳನ್ನು, ಕನಸು ಮತ್ತು ಭಯಗಳನ್ನು ಅಧ್ಯಯನ ಮಾಡುವ ಶಾಸ್ತ್ರಕ್ಕೆ ಆಳ ಮನೋವಿಜ್ಞಾನ ಎನ್ನುತ್ತಾರೆ. ವಿಯೆನ್ನಾದ ಫ್ರಾಯ್ಡ್, ಸ್ವಿಟ್ಜರ್ಲೆಂಡಿನ ಯೂಂಗ್ ಇದರ ಹಿರಿಯರು. ಹಿಲ್‌ಮನ್ ಯೂಂಗ್ ಅವರ ಪರಂಪರೆಯಲ್ಲಿ ಬೆಳೆದವರು. 1959ರಲ್ಲಿ ಜ್ಯೂರಿಚ್‌ನಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿನ ಯೂಂಗ್ ಸಂಸ್ಥೆಯಲ್ಲಿ 1969ರವರೆಗೆ ಅಧ್ಯಯನ ನಿರ್ದೇಶಕರಾಗಿದ್ದರು. ಆದರೆ ಗುರು ಹೇಳಿದ್ದೆಲ್ಲ ಸತ್ಯವೆಂದು ಒಪ್ಪಿ ಕುಳಿತುಕೊಳ್ಳಲಿಲ್ಲ. ಮನಸ್ಸಿನ ನಡುವೆ ಒಂದೇ ಒಂದು 'ನಾನು' ಕುಳಿತು ಎಲ್ಲವನ್ನೂ ಆಳುತ್ತದೆ ಎಂಬ ನಂಬಿಕೆಯನ್ನೇ ಪ್ರಶ್ನಿಸಿದರು. ಮನಸ್ಸು ಹಲವು ದನಿಗಳ ಸಂತೆ, ಅದರಲ್ಲಿ ಒಂದು ದನಿ ಮಾತ್ರ 'ನಾನು' ಎಂದರು. 1975ರಲ್ಲಿ ಬಂದ ಅವರ ಮುಖ್ಯ ಕೃತಿ 'ರೀ-ವಿಷನಿಂಗ್ ಸೈಕಾಲಜಿ' ಮನೋವಿಜ್ಞಾನಿಗಳ ನಡುವೆ ದೊಡ್ಡ ಚರ್ಚೆ ಎಬ್ಬಿಸಿತು. 2011ರಲ್ಲಿ, 85ನೇ ವಯಸ್ಸಿನಲ್ಲಿ ತೀರಿಕೊಂಡರು.

*2. ಹೆಸರಿಟ್ಟರೆ ಹಾವು ಮಾಯ*

ಅವರು ಕೊಡುತ್ತಿದ್ದ ಒಂದು ಉದಾಹರಣೆ ಇದು. ಒಬ್ಬನಿಗೆ ಕನಸಿನಲ್ಲಿ ಕಪ್ಪು ಹಾವು ಬಂತು. ಚಿಕಿತ್ಸಕ ತಕ್ಷಣ "ಇದು ನಿನ್ನ ಅಡಗಿದ ಕಾಮ" ಅಥವಾ "ಇದು ತಾಯಿಯ ಭಯ" ಎಂದು ಅರ್ಥ ಹೇಳುತ್ತಾನೆ. ಅರ್ಥ ಸಿಕ್ಕಿತು ಎಂದು ಇಬ್ಬರಿಗೂ ಸಮಾಧಾನ. ಆದರೆ ಹಾವು ಎಲ್ಲಿ ಹೋಯಿತು? ಅದು ಹೇಗಿತ್ತು, ಎಲ್ಲಿಂದ ಬಂತು, ಏನು ಮಾಡುತ್ತಿತ್ತು ಎಂದು ಯಾರೂ ನೋಡಲೇ ಇಲ್ಲ. ಒಂದು ಪದ ಸಿಕ್ಕ ಕೂಡಲೇ ನೋಡುವುದನ್ನು ಬಿಟ್ಟುಬಿಟ್ಟರು.

ನಾವು ಆ ಹುಡುಗಿಗೆ ಮಾಡಿದ್ದೂ ಇದನ್ನೇ. 'ಕೀಳರಿಮೆ' ಎಂಬ ಪದ ಸಿಕ್ಕ ಮೇಲೆ ಅವಳ ಕಡೆ ನೋಡುವುದನ್ನೇ ನಿಲ್ಲಿಸಿದೆವು. ಭಗವಾನ್ ಬುದ್ಧರು ಇದ್ದದ್ದನ್ನು ಇದ್ದಂತೆ ನೋಡಿ ಎಂದರು. ಸಮ್ಮಾದಿಟ್ಠಿಯ ಪಾಠ ಶುರುವಾಗುವುದು ಅಲ್ಲಿಂದಲೇ.

*3. ರೋಗಿಯೋ, ನಾಗರಿಕನೋ?*

1992ರಲ್ಲಿ ಹಿಲ್‌ಮನ್ ಅವರು ಪತ್ರಕರ್ತ ಮೈಕೆಲ್ ವೆಂಚುರಾ ಜೊತೆ ಸೇರಿ ಒಂದು ಪುಸ್ತಕ ತಂದರು. ಮನೋಚಿಕಿತ್ಸೆ ಶುರುವಾಗಿ ನೂರು ವರ್ಷವಾಯಿತು, ಆದರೂ ಲೋಕ ಇನ್ನಷ್ಟು ಕೆಡುತ್ತಿದೆಯಲ್ಲ ಎಂಬುದು ಅದರ ತಲೆಬರಹದಲ್ಲೇ ಇರುವ ದೂರು. ತಮ್ಮ ವೃತ್ತಿಯನ್ನೇ ಅವರು ಅಲ್ಲಿ ಕಟಕಟೆಗೆ ಹತ್ತಿಸಿದರು.

ಅವರ ವಾದ ಸರಳ. ಒಬ್ಬ ಮನುಷ್ಯ ಕೆಟ್ಟ ರಸ್ತೆ, ವಾಹನಗಳ ದಟ್ಟಣೆ, ಕೆಲಸದ ಜಾಗದ ಅನ್ಯಾಯ ಇವುಗಳಿಂದ ಕುದಿಯುತ್ತಾ ಚಿಕಿತ್ಸಕರ ಬಳಿ ಬರುತ್ತಾನೆ. ಚಿಕಿತ್ಸಕರು "ನಿನ್ನ ಬಾಲ್ಯ ಹೇಗಿತ್ತು? ತಂದೆ ಹೊಡೆಯುತ್ತಿದ್ದರೇ?" ಎಂದು ಕೇಳುತ್ತಾರೆ. ಮಾತಾಡಿ ಮಾತಾಡಿ ಸಿಟ್ಟು ಇಳಿಯುತ್ತದೆ. ಮನುಷ್ಯ ಹಗುರಾಗಿ ಮನೆಗೆ ಹೋಗುತ್ತಾನೆ. ರಸ್ತೆ ಹಾಗೇ ಇರುತ್ತದೆ, ಅನ್ಯಾಯವೂ ಹಾಗೇ ಇರುತ್ತದೆ. ನಾಲ್ಕು ಜನರನ್ನು ಸೇರಿಸಿ ಪ್ರಶ್ನೆ ಕೇಳಬೇಕಿದ್ದ ಸಿಟ್ಟು ಆ ಕೋಣೆಯಲ್ಲೇ ಆರಿಹೋಯಿತು. ನಾಗರಿಕನಾಗಬೇಕಿದ್ದವನು ರೋಗಿಯಾಗಿ ಉಳಿದ.

ಈ ಮಾತು ನಮಗೆ ಹೊಸದಲ್ಲ. ಸಿದ್ಧಾರ್ಥರು ಮನೆ ಬಿಟ್ಟಿದ್ದೇಕೆ? ಮುದುಕ, ರೋಗಿ, ಶವ ಕಂಡು ವೈರಾಗ್ಯ ಬಂತು ಎಂಬುದು ಎಲ್ಲರೂ ಕೇಳಿದ ಕಥೆ. ಇಪ್ಪತ್ತೊಂಬತ್ತು ವರ್ಷದವರೆಗೆ ಒಬ್ಬ ಮುದುಕನನ್ನೂ ನೋಡದೆ ಇರಲು ಸಾಧ್ಯವೇ ಎಂದು ಬಾಬಾಸಾಹೇಬರು ಅದನ್ನು ಒಪ್ಪಲಿಲ್ಲ. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅವರು ಹೇಳುವ ಕಾರಣ ಬೇರೆ: ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ನಡೆದ ಜಗಳ. ಯುದ್ಧ ಬೇಡ ಎಂದು ಸಿದ್ಧಾರ್ಥರು ಸಂಘದ ಸಭೆಯಲ್ಲಿ ನಿಂತು ಹೇಳಿದರು. ಬಹುಮತ ಅವರ ವಿರುದ್ಧ ಹೋಯಿತು. ಅವರು ಪರಿವ್ರಾಜಕರಾಗಿ ಹೊರಟರು. ಅಂದರೆ ದುಃಖದ ಪ್ರಶ್ನೆಯನ್ನು ಬಾಬಾಸಾಹೇಬರು ಅರಮನೆಯ ಒಳಕೋಣೆಯಿಂದ ನದಿಯ ದಡಕ್ಕೆ, ಜನರ ನಡುವಿಗೆ ತಂದರು.

ಅದೂ ನೀರಿನ ಪ್ರಶ್ನೆ. 1927ರ ಮಾರ್ಚ್ 20ರಂದು ಮಹಾಡ್‌ನ ಚೌದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ತುಂಬಿ ಕುಡಿದದ್ದೂ ನೀರೇ. ನನ್ನ ಶಾಲೆಯ ಹುಡುಗಿಯ ಬಾಯಿ ಕಟ್ಟಿದ್ದೂ ನೀರಿನ ಹತ್ತಿರವೇ. ಮಹಾಡ್‌ಗೆ ಬಂದ ಸಾವಿರಾರು ಜನರಿಗೆ ಬಾಬಾಸಾಹೇಬರು "ನಿಮ್ಮ ಕೀಳರಿಮೆ ಬಿಡಿ" ಎಂದು ಬುದ್ಧಿ ಹೇಳಿ ಮನೆಗೆ ಕಳಿಸಲಿಲ್ಲ. ಜೊತೆಯಲ್ಲಿ ಕೆರೆಯವರೆಗೆ ನಡೆದರು.

*4. ಎಲ್ಲಿ ಒಪ್ಪಬಾರದು?*

ಯಾರು ಹೇಳಿದರೂ ಪರೀಕ್ಷೆ ಮಾಡದೆ ನಂಬಬೇಡಿ ಎಂಬುದು ಕಾಲಾಮರಿಗೆ ಬುದ್ಧರು ಹೇಳಿದ ಪಾಠ. ಹಿಲ್‌ಮನ್ ಅವರನ್ನೂ ಹಾಗೇ ಪರೀಕ್ಷಿಸೋಣ.

ಮೊದಲನೆಯದು, ಅವರು 'ಆತ್ಮ' ಎಂಬ ಪದವನ್ನು ತುಂಬಾ ಬಳಸುತ್ತಾರೆ. ನಾವು ಅನತ್ತವನ್ನು ಒಪ್ಪಿದವರು. ಆದರೆ ಅವರ ವಿವರಣೆ ಗಮನಿಸಿ. ಆತ್ಮ ಎಂದರೆ ದೇಹದೊಳಗಿರುವ ಒಂದು ವಸ್ತುವಲ್ಲ, ಅನುಭವವನ್ನು ಆಳವಾಗಿ ನೋಡುವ ಒಂದು ದೃಷ್ಟಿ ಎಂದು ಅವರು 1975ರ ಕೃತಿಯಲ್ಲಿ ಹೇಳಿದರು. ಇಷ್ಟರಮಟ್ಟಿಗೆ ಜಗಳವಿಲ್ಲ.

ಎರಡನೆಯದು ದೊಡ್ಡದು. 1996ರಲ್ಲಿ ಬಂದ 'ದ ಸೋಲ್ಸ್ ಕೋಡ್' ಅವರಿಗೆ ಅಮೆರಿಕದಲ್ಲಿ ತುಂಬಾ ಹೆಸರು ತಂದಿತು. ಓಕ್ ಬೀಜದಲ್ಲಿ ಓಕ್ ಮರ ಅಡಗಿರುವಂತೆ ಪ್ರತಿ ಮಗುವೂ ತನ್ನ ಬದುಕಿನ ಕರೆಯನ್ನು ಹೊತ್ತೇ ಹುಟ್ಟುತ್ತದೆ ಎಂದು ಅಲ್ಲಿ ಹೇಳಿದರು. ಗ್ರೀಕರ ಪ್ಲೇಟೋ ಹೇಳಿದ ಒಂದು ಕಥೆಯನ್ನು ಹಿಡಿದು, ಹುಟ್ಟುವ ಮೊದಲೇ ನಾವು ನಮ್ಮ ತಂದೆತಾಯಿಯನ್ನು ಆರಿಸಿಕೊಂಡಿರುತ್ತೇವೆ ಎಂದು ಭಾವಿಸಿ ನೋಡಿ ಎಂದೂ ಹೇಳಿದರು.

ಅವರ ಉದ್ದೇಶ ಒಳ್ಳೆಯದೇ. ಬಾಲ್ಯದ ಪೆಟ್ಟು ಮಾತ್ರವೇ ಮನುಷ್ಯನನ್ನು ರೂಪಿಸುವುದಿಲ್ಲ, ಮಗುವಿನ ಹಟದಲ್ಲಿ, ವಿಚಿತ್ರ ನಡವಳಿಕೆಯಲ್ಲಿ ಅದರ ಶಕ್ತಿಯೂ ಇರಬಹುದು, ಅದನ್ನು ಗುರುತಿಸುವ ಕಣ್ಣು ಬೇಕು ಎಂಬುದು ಅವರ ಕಾಳಜಿ. ಶಿಕ್ಷಕನಾಗಿ ಈ ಮಾತಿಗೆ ನಾನು ಕೈಮುಗಿಯುತ್ತೇನೆ.

ಆದರೆ ಇದೇ ಮಾತು ನಮ್ಮ ಊರಿಗೆ ಬಂದರೆ ಏನಾಗುತ್ತದೆ? "ಹುಟ್ಟಿನಲ್ಲೇ ನಿನ್ನ ಕೆಲಸ ಬರೆದಿದೆ. ಈ ಹುಟ್ಟನ್ನು ನೀನೇ ಗಳಿಸಿಕೊಂಡು ಬಂದೆ." ಈ ಮಾತನ್ನು ನಮ್ಮ ಅಜ್ಜ ಮುತ್ತಜ್ಜಂದಿರು ಎಷ್ಟು ಕಾಲ ಕೇಳಿದರು! ಪೊರಕೆ ಹಿಡಿಸಲು, ಚರ್ಮ ಹದ ಮಾಡಿಸಲು, ಊರ ಹೊರಗೆ ಇಡಲು ಬಳಸಿದ್ದು ಇದೇ ವಾದ. ಹಿಲ್‌ಮನ್ ಜಾತಿಯನ್ನು ಸಮರ್ಥಿಸಲು ಇದನ್ನು ಬರೆಯಲಿಲ್ಲ. ಆದರೂ ಹುಟ್ಟಿನಿಂದಲೇ ತೀರ್ಮಾನ ಎಂಬ ಮಾತು ಯಾವ ಬಾಯಿಂದ ಬಂದರೂ ನಾವು ಎಚ್ಚರವಾಗಿರಬೇಕು. ಹಿಂದಿನ ಜನ್ಮದ ಕರ್ಮದಿಂದ ಈ ಜನ್ಮದ ಸ್ಥಿತಿ ಎಂಬ ವಾದವನ್ನು ಬಾಬಾಸಾಹೇಬರು ತಿರಸ್ಕರಿಸಿದ್ದು ಇದಕ್ಕಾಗಿಯೇ.

ಬೀಜದ ಹೋಲಿಕೆಯನ್ನೇ ಧಮ್ಮದ ಕಣ್ಣಿನಿಂದ ನೋಡೋಣ. ಬೀಜವೊಂದೇ ಮರವಾಗುವುದಿಲ್ಲ. ಮಣ್ಣು, ನೀರು, ಬಿಸಿಲು, ಬೇಲಿ ಬೇಕು. ಇದಿದ್ದರೆ ಅದು, ಇದಿಲ್ಲದಿದ್ದರೆ ಅದಿಲ್ಲ. ಇದೇ ಪಟಿಚ್ಚ ಸಮುಪ್ಪಾದ. ಬಂಡೆಯ ಮೇಲೆ ಬೀಜ ಎಸೆದು "ಇದರ ಹಣೆಬರಹವೇ ಇಷ್ಟು" ಎಂದರೆ ಅದು ಸುಳ್ಳು.

*5. ಹಾಗಾದರೆ ಮನಸ್ಸಿನ ಕೆಲಸ ಬೇಡವೇ?*

ಬೇಕು. ಬುದ್ಧರು ಎಲ್ಲಕ್ಕಿಂತ ಮೊದಲು ಮನಸ್ಸನ್ನು ಇಟ್ಟರು. ಮನಸ್ಸು ಶುದ್ಧವಿಲ್ಲದ ಹೋರಾಟ ದ್ವೇಷಕ್ಕೆ ತಿರುಗುತ್ತದೆ. ಲೋಕವನ್ನು ನೋಡದ ಧ್ಯಾನ ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ. ಉಸಿರಿನ ಮೇಲೆ ಗಮನವಿಟ್ಟು ಕುಳಿತುಕೊಳ್ಳಿ, ಮೆತ್ತಾ ಭಾವನೆ ಮಾಡಿ, ಎದ್ದ ಮೇಲೆ ನೀರಿನ ಡ್ರಮ್ಮಿನ ಹತ್ತಿರ ಏನಾಗುತ್ತಿದೆ ಎಂದೂ ನೋಡಿ.

ಒಂದು ಎಚ್ಚರಿಕೆ. ನೋವಿನ ಕಾರಣ ಸಮಾಜದಲ್ಲಿದೆ ಎಂದ ಮಾತ್ರಕ್ಕೆ ವೈದ್ಯರು ಬೇಡ ಎಂದಲ್ಲ. ನಿದ್ದೆ ಬಾರದಿದ್ದರೆ, ಸಾಯಬೇಕು ಎನಿಸಿದರೆ ತಡಮಾಡದೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಕಾಲಿಗೆ ಮುಳ್ಳು ಚುಚ್ಚಿದರೆ ಮುಳ್ಳನ್ನೂ ತೆಗೆಯಬೇಕು, ದಾರಿಯನ್ನೂ ಗುಡಿಸಬೇಕು.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಡ್ರಮ್ಮಿಗೆ ನಲ್ಲಿ ಹಾಕಿಸಿದೆವು. ಎಲ್ಲರೂ ಅದೇ ನಲ್ಲಿಯಲ್ಲಿ ಹಿಡಿದುಕೊಂಡು ಕುಡಿಯಬೇಕು ಎಂದು ಪ್ರಾರ್ಥನೆಯ ವೇಳೆ ಎಲ್ಲ ಮಕ್ಕಳ ಮುಂದೆ, ಶಿಕ್ಷಕರ ಮುಂದೆ ಹೇಳಿದೆ. ನಾನು ಅವಳ ಬಳಿ ಕ್ಷಮೆಯನ್ನೂ ಕೇಳಿದೆ. ಅವಳು ಪೂರ್ತಿ ಮೊದಲಿನಂತಾದಳು ಎಂದು ಹೇಳಲಾರೆ. ಆದರೆ ಎರಡು ವಾರದ ಮೇಲೆ ಹಾಜರಿ ಕರೆದಾಗ "ಬಂದಿದ್ದೀನಿ ಸಾರ್" ಎಂದಳು, ಇಡೀ ತರಗತಿಗೆ ಕೇಳಿಸುವಂತೆ.

*ಇಂದು ಮನೆಯಲ್ಲಿ ಚರ್ಚಿಸಿ:*
1. ನಮ್ಮ ಮಕ್ಕಳ ಯಾವ ನೋವಿಗೆ ನಾವು ಬೇಗ ಒಂದು ಹೆಸರಿಟ್ಟು ಸುಮ್ಮನಾಗಿದ್ದೇವೆ?
2. ನನ್ನ ಸಿಟ್ಟಿನಲ್ಲಿ ಎಷ್ಟು ಭಾಗ ನಾನು ತಿದ್ದಿಕೊಳ್ಳಬೇಕಾದದ್ದು, ಎಷ್ಟು ಭಾಗ ನಾಲ್ಕು ಜನರೊಂದಿಗೆ ಸೇರಿ ಸರಿಪಡಿಸಬೇಕಾದದ್ದು?
3. "ಅವರ ಹಣೆಬರಹ" ಎಂಬ ಮಾತು ಇಂದಿಗೂ ನಮ್ಮ ಬಾಯಲ್ಲಿ ಬರುತ್ತಿದೆಯೇ?

ಓದಿದವರು ಮನೆಯ ಹಿರಿಯರಿಗೂ ಓದಿ ಹೇಳಿ. ಭಾನುವಾರ ವಿಹಾರದಲ್ಲಿ ಸೇರಿದಾಗ ಮಾತಾಡೋಣ.

ಸಬ್ಬೇ ಸತ್ತಾ ಸುಖಿ ಹೋಂತು. ಜೈ ಭೀಮ್. 🙏