ಕರುಳಿನ ಹುಳು ಉಸಿರಾಡುವುದು ಹೇಗೆ?

ಮಕ್ಕಳ ಕರುಳಿನಲ್ಲಿ ಬೆಳೆಯುವ ದುಂಡುಹುಳುವಿಗೆ ಅಲ್ಲಿ ಆಮ್ಲಜನಕ ಸಿಗುವುದು ತೀರಾ ಕಡಿಮೆ. ಆದರೂ ಅದು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಹೇಗೆ?

ನಮ್ಮ ಬಹುತೇಕ ಎಲ್ಲ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಭಾಗಗಳಿವೆ. ತಿಂದ ಆಹಾರದಿಂದ ಆಮ್ಲಜನಕದ ನೆರವಿನಲ್ಲಿ ಶಕ್ತಿ ಹೊರಡುವುದು ಅಲ್ಲಿಯೇ. ಈ ಕೆಲಸಕ್ಕೆ ಯುಬಿಕ್ವಿನೋನ್ ಎಂಬ ವಸ್ತು ಬೇಕು. ಆಮ್ಲಜನಕ ಸಾಲದ ಕಡೆ ಹುಳು ಅದರ ಬದಲು ರೋಡೊಕ್ವಿನೋನ್ ಎಂಬ ವಸ್ತುವನ್ನು ಬಳಸುತ್ತದೆ. ಮನುಷ್ಯರ ದೇಹದಲ್ಲಿ ಇದು ತಯಾರಾಗುವುದಿಲ್ಲ. ಆದ್ದರಿಂದ ಇದರ ತಯಾರಿಯನ್ನು ತಡೆಯುವ ಔಷಧಿ ಸಿಕ್ಕರೆ, ಮಗುವಿಗೆ ತೊಂದರೆಯಾಗದಂತೆ ಹುಳುವನ್ನು ಕೊಲ್ಲಬಹುದೆಂಬ ಆಸೆಯಿದೆ.

ಇದನ್ನು ಅರಿಯಲು ವಿಜ್ಞಾನಿಗಳು ಸಿ. ಎಲೆಗಾನ್ಸ್ ಎಂಬ ಹುಳುವನ್ನು ಸಾಕುತ್ತಾರೆ. ಸುಮಾರು 1 ಮಿಲಿಮೀಟರ್ ಉದ್ದದ ಈ ಹುಳು ಬ್ಯಾಕ್ಟೀರಿಯ ತಿಂದು ಬದುಕುತ್ತದೆ, ಯಾರಿಗೂ ರೋಗ ತರುವುದಿಲ್ಲ. ಒಂದು ಜೀನ್‌ಗೆ ಹೊಂದುವ ಜೋಡಿ ಎಳೆಯ ಆರ್‌ಎನ್‌ಎ ಇರುವ ಬ್ಯಾಕ್ಟೀರಿಯವನ್ನು ತಿನ್ನಿಸಿದರೆ ಹುಳುವಿನಲ್ಲಿ ಆ ಜೀನ್ ಸುಮ್ಮನಾಗುತ್ತದೆ. ಜೋಡಿ ಎಳೆಯ ಆರ್‌ಎನ್‌ಎ ಹೀಗೆ ಜೀನ್‌ಗಳ ಬಾಯಿ ಮುಚ್ಚಿಸುತ್ತದೆಂದು 1998ರಲ್ಲಿ ತೋರಿಸಿದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರಿಗೆ 2006ರಲ್ಲಿ ನೊಬೆಲ್ ಬಹುಮಾನ ಬಂತು.

2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವು ಜೀನ್‌ಗಳನ್ನು ಹೀಗೆ ಸುಮ್ಮನಾಗಿಸಿದಾಗ ಎರಡೂ ವಸ್ತುಗಳು ಕಡಿಮೆಯಾದವು. ಅಂಥ ಜೀನ್‌ಗಳು ನಮಗೂ ಬೇಕು, ಅವುಗಳ ಮೇಲೆ ಕೈಹಾಕುವುದು ಅಪಾಯ. ಆದರೆ ಕೈನು-1 ಎಂಬ ಜೀನ್ ಇಲ್ಲದ ಹುಳುಗಳಲ್ಲಿ ರೋಡೊಕ್ವಿನೋನ್ ಪೂರ್ತಿ ಇಲ್ಲವಾಯಿತು, ಯುಬಿಕ್ವಿನೋನ್ ಹಾಗೆಯೇ ಉಳಿಯಿತು. ಔಷಧಿ ಹುಡುಕುವವರಿಗೆ ಇದು ಒಳ್ಳೆಯ ಸುಳಿವು.

ಆ ಔಷಧಿ ಬರುವವರೆಗೆ ಎಚ್ಚರಿಕೆ ನಮ್ಮ ಕೈಯಲ್ಲೇ ಇದೆ. ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿರುವಂಥ ನೆರಳಿನ, ತೇವದ ಮಣ್ಣು ಹುಳುಗಳಿಗೆ ಅನುಕೂಲ. ದುಂಡುಹುಳುವಿನ ಮೊಟ್ಟೆ ಕೊಳಕು ಕೈ, ತೊಳೆಯದ ತರಕಾರಿಯ ಮೂಲಕ ಹೊಟ್ಟೆ ಸೇರುತ್ತದೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ಕರುಳು ಸೇರಿ ರಕ್ತ ಹೀರಿ, ರಕ್ತಹೀನತೆ ತರುತ್ತದೆ.

ಆದ್ದರಿಂದ:

• ಶೌಚದ ಬಳಿಕ, ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯಿರಿ. ವುಝೂವಿಗೆ ಕೈ ತೊಳೆದಿದ್ದೇವೆಂದು ಸಾಬೂನನ್ನು ಬಿಡಬೇಡಿ.
• ತೋಟಕ್ಕೆ ಹೋಗುವಾಗ ಮಕ್ಕಳಿಗೂ ಚಪ್ಪಲಿ ಹಾಕಿಸಿ.
• ಬಯಲಿನಲ್ಲಿ ಶೌಚ ಬೇಡ. ಚಿಕ್ಕ ಮಕ್ಕಳ ಮಲವನ್ನೂ ಶೌಚಾಲಯಕ್ಕೇ ಹಾಕಿ.
• ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಉಚಿತವಾಗಿ ಕೊಡುವ ಆಲ್ಬೆಂಡಜೋಲ್ ಮಾತ್ರೆ ತಪ್ಪಿಸಬೇಡಿ. ಮಗುವಿಗೆ ಹುಷಾರಿಲ್ಲದಿದ್ದರೆ ಮೊದಲೇ ತಿಳಿಸಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ನುಂಗಬಾರದು.

ಮಾತ್ರೆ ಒಳಗಿರುವ ಹುಳುವನ್ನು ಕೊಲ್ಲುತ್ತದೆಯೇ ಹೊರತು ನಾಳೆ ಬರುವ ಹುಳುವನ್ನು ತಡೆಯುವುದಿಲ್ಲ. ಅದನ್ನು ತಡೆಯುವುದು ಸಾಬೂನು, ಚಪ್ಪಲಿ, ಶೌಚಾಲಯ.