ಹಿಮದ ಮೇಲಿನ ಸ್ಪರ್ಧೆಯೂ ಅದರ ಅಳತೆಯೂ

ಹಿಮವನ್ನು ಕಣ್ಣಾರೆ ಕಾಣದ ನಾವು ಹಿಮದ ಮೇಲಿನ ಆಟಗಳನ್ನು ಕುರಿತು ವಿಚಾರ ಮಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ 2025ರಲ್ಲಿ ನಮ್ಮ ನೆರೆಯ ಕೊಡಗಿನವರಾದ ತೆಕ್ಕಡ ಭವಾನಿ ನಂಜುಂಡ ಅವರು ಚಿಲಿ ದೇಶದಲ್ಲಿ ನಡೆದ ಅಂತಾರಾಷ್ಟ್ರೀಯ ಕ್ರಾಸ್-ಕಂಟ್ರಿ ಸ್ಕೀಯಿಂಗ್ ಸ್ಪರ್ಧೆಯಲ್ಲಿ 5 ಕಿಲೋಮೀಟರ್ ಓಟದ ಕಂಚಿನ ಪದಕವನ್ನು ಪಡೆದರು. ಈ ಆಟದಲ್ಲಿ ಅಂತಾರಾಷ್ಟ್ರೀಯ ಪದಕ ಗಳಿಸಿದ ಭಾರತದ ಮೊದಲ ಮಹಿಳೆ ಅವರೇ. ಇಂಥ ವಾರ್ತೆ ಬಂದಾಗ ಒಬ್ಬರು ಲೋಕವನ್ನೇ ಗೆದ್ದಂತೆ ಹೊಗಳುವರು. ಇನ್ನೊಬ್ಬರು ಅದರಲ್ಲೇನಿದೆ ಎಂದು ತಳ್ಳಿಹಾಕುವರು. ಆಟದ ಅಳತೆ ತಿಳಿಯದಿದ್ದರೆ ಹೊಗಳಿಕೆ, ತೆಗಳಿಕೆ ಎರಡೂ ಬರಿಯ ಮಾತಾಗುವುವು. ಆ ಅಳತೆಯನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮಗೆ ಪರಿಚಿತವಾದ ಒಂದು ಸಂಗತಿಯನ್ನು ನೋಡೋಣ. 2020ರ ಫೆಬ್ರುವರಿ 1ರಂದು ಐಕಳ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದೇ ತಿಂಗಳು ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಭಾಗಾಕಾರ ಮಾಡಿದರೆ ಮೊದಲನೆಯದು 100 ಮೀಟರಿಗೆ ಸುಮಾರು 9.56 ಸೆಕೆಂಡು, ಎರಡನೆಯದು 9.52 ಸೆಕೆಂಡು ಆಗುವುದು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಸ್ಥಾಪಿಸಿದ ದಾಖಲೆ 9.58. ಆಗ ದೇಶವೆಲ್ಲ ನಮ್ಮ ಜಿಲ್ಲೆಯತ್ತ ತಿರುಗಿ ನೋಡಿತು.

ಆದರೆ ಈ ಭಾಗಾಕಾರ ನ್ಯಾಯವಾದುದೇ? ಬೋಲ್ಟ್ ಗಟ್ಟಿ ನೆಲದ ಮೇಲೆ, ನಿಂತ ನಿಲುವಿನಿಂದ, ಒಬ್ಬನೇ ಓಡಿದನು. ಕಂಬಳದ ಓಟಗಾರನು ಕೆಸರು ನೀರಿನಲ್ಲಿ ಓಡುವನು. ಆದರೆ ಅವನ ಕೈಯ ಹಗ್ಗವನ್ನು ಎರಡು ಕೋಣಗಳು ಎಳೆಯುತ್ತಿರುವುವು. ಇದಲ್ಲದೆ, ಓಟದ ಆರಂಭದಲ್ಲಿ ವೇಗ ಕಡಿಮೆ. ದೂರ ಹೆಚ್ಚಿದಂತೆ ಆ ನಷ್ಟ ಹಂಚಿಹೋಗಿ ಸರಾಸರಿ ಉತ್ತಮಗೊಳ್ಳುವುದು. ಒಂದರಲ್ಲಿ ಕಷ್ಟವಿದ್ದರೆ ಇನ್ನೊಂದರಲ್ಲಿ ಅನುಕೂಲವಿದೆ. ಆದುದರಿಂದ ಒಂದನ್ನು ಮೇಲೆಂದು, ಇನ್ನೊಂದನ್ನು ಕೀಳೆಂದು ಹೇಳಲಾಗದು. ಎರಡರ ಅಳತೆಯೇ ಬೇರೆ.

ನಾರ್ಡಿಕ್ ದೇಶಗಳ ಜನರಿಗೆ ಇದೇ ಸಮಸ್ಯೆ ಬಹು ಹಿಂದೆಯೇ ಎದುರಾಯಿತು. ಉದ್ದನೆಯ ಕಿರಿದಾದ ಹಲಗೆಗಳಾದ ಸ್ಕೀಗಳನ್ನು ಕಾಲಿಗೆ ಕಟ್ಟಿ, ಎರಡು ಕೋಲುಗಳನ್ನು ಊರುತ್ತ ಹಿಮದ ಮೇಲೆ ದೂರ ಸಾಗುವುದು ಕ್ರಾಸ್-ಕಂಟ್ರಿ. ಎತ್ತರದ ಇಳಿಜಾರಿನಿಂದ ಜಾರಿ ಬಂದು ಗಾಳಿಯಲ್ಲಿ ಹಾರಿ ಕೆಳಗಿಳಿಯುವುದು ಸ್ಕೀ ಜಂಪಿಂಗ್. 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ಸಿನಲ್ಲಿ ಇವೆರಡೂ ಇದ್ದುವು. ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟವು ಸ್ಥಾಪಿತವಾದುದೂ ಅದೇ ವರ್ಷ, ಅದೇ ಊರಿನಲ್ಲಿ.

ಕ್ರಾಸ್-ಕಂಟ್ರಿಯ ದಾರಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಏರು, ಒಂದು ಭಾಗ ಇಳಿತ, ಉಳಿದುದು ಏರಿಳಿತದ ನೆಲ ಇರಬೇಕೆಂಬುದು ನಿಯಮ. ಇಷ್ಟಿದ್ದರೂ ಒಂದು ಊರಿನ ಹಿಮ ಇನ್ನೊಂದು ಊರಿನಂತಿಲ್ಲ. ಬೆಳಗಿನ ಹಿಮ ಮಧ್ಯಾಹ್ನದಂತಿಲ್ಲ. ಆದುದರಿಂದ ಓಟದ ಸಮಯವನ್ನು ಬೇರೆ ಊರಿನ ಸಮಯದೊಡನೆ ಹೋಲಿಸುವುದಿಲ್ಲ. ಅದೇ ದಿನ ಅದೇ ದಾರಿಯಲ್ಲಿ ಗೆದ್ದವರೊಡನೆ ಹೋಲಿಸುವರು. ಸ್ಪರ್ಧಿಗಳು ಒಬ್ಬೊಬ್ಬರಾಗಿ ಹೊರಡುವ ಓಟದಲ್ಲಿ, ಗೆದ್ದವರಿಗಿಂತ ಎಷ್ಟು ಪಾಲು ಹೆಚ್ಚು ಸಮಯ ಹಿಡಿಯಿತೋ ಅದನ್ನು 800ರಿಂದ ಗುಣಿಸುವರು. ಗೆದ್ದವರಿಗೆ 20 ನಿಮಿಷ, ನಮ್ಮವರಿಗೆ 22 ನಿಮಿಷ ಹಿಡಿದರೆ ಹತ್ತನೆಯ ಒಂದು ಪಾಲು ಹೆಚ್ಚಾಯಿತು. ಲೆಕ್ಕ 80 ಅಂಕ. ಎದುರಾಳಿಗಳು ಎಷ್ಟು ಬಲಶಾಲಿಗಳು ಎಂಬುದಕ್ಕೆ ತಕ್ಕಂತೆ ಇದಕ್ಕೆ ಮತ್ತಷ್ಟು ಅಂಕ ಕೂಡಿಸುವರು. ಇಲ್ಲಿ ಅಂಕ ಕಡಿಮೆಯಾದಷ್ಟೂ ಶ್ರೇಷ್ಠ. ದುರ್ಬಲರ ನಡುವೆ ಗೆದ್ದವರಿಗಿಂತ ಬಲಿಷ್ಠರ ನಡುವೆ ಹಿಂದುಳಿದವರೇ ಉತ್ತಮ ಅಂಕ ಪಡೆಯುವುದು ಈ ಕ್ರಮದಲ್ಲಿ ಸಾಧ್ಯ.

ಜಿಗಿತದ ಅಳತೆ ಇನ್ನೂ ಸೂಕ್ಷ್ಮವಾದುದು. ದೊಡ್ಡ ಇಳಿಜಾರೊಂದರಲ್ಲಿ 120 ಮೀಟರಿಗೆ ಗುರುತು ಇದೆಯೆನ್ನೋಣ. ಗುರುತನ್ನು ಮುಟ್ಟಿದರೆ 60 ಅಂಕ. ಅದರಾಚೆ ಪ್ರತಿ ಮೀಟರಿಗೆ 1.8 ಅಂಕ. ಇದಲ್ಲದೆ ಐವರು ತೀರ್ಪುಗಾರರು ಹಾರಾಟದ ಸೊಗಸನ್ನೂ ಇಳಿದು ನಿಲ್ಲುವ ರೀತಿಯನ್ನೂ ನೋಡಿ 20ರೊಳಗೆ ಅಂಕ ಕೊಡುವರು. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸುವರು. ಒಬ್ಬನು 130 ಮೀಟರ್ ಹಾರಿ 78 ಅಂಕ ಪಡೆದನು, ಸೊಗಸಿಗೆ 54.5 ಸೇರಿ 132.5 ಆಯಿತು. ಇನ್ನೊಬ್ಬನು 133 ಮೀಟರ್ ಹಾರಿ 83.4 ಪಡೆದರೂ ಇಳಿಯುವಾಗ ತಡವರಿಸಿದುದರಿಂದ ಸೊಗಸಿಗೆ 47.5 ಮಾತ್ರ ಸಿಕ್ಕಿತು, ಒಟ್ಟು 130.9. ಹೆಚ್ಚು ದೂರ ಹಾರಿದವನೇ ಸೋತನು! ಎದುರುಗಾಳಿ ಹಾರುವವನನ್ನು ಮೇಲೆತ್ತುವುದರಿಂದ ಅಂಕ ಕಳೆಯುವ, ಹಿಂಗಾಳಿಗೆ ಅಂಕ ಕೂಡಿಸುವ ಪದ್ಧತಿಯೂ 2009ರಿಂದೀಚೆಗೆ ಬಂದಿದೆ. ನಮ್ಮ ಕಂಬಳದ ಕನೆಹಲಗೆಯನ್ನು ನೆನೆದರೆ ಇದು ಅಪರಿಚಿತವೆನಿಸದು. ಅಲ್ಲಿಯೂ ವೇಗವಲ್ಲ, ಚಿಮ್ಮಿದ ನೀರು ಮೇಲಿನ ನಿಶಾನೆಯನ್ನು ಮುಟ್ಟಿತೇ ಎಂಬುದೇ ಮುಖ್ಯ.

ಇಷ್ಟು ಸೂಕ್ಷ್ಮವಾದ ಲೆಕ್ಕವೂ ತಪ್ಪಬಹುದು. 1924ರ ಜಿಗಿತದಲ್ಲಿ ನಾರ್ವೆಯ ತೋರ್ಲೈಫ್ ಹೌಗ್‌ಗೆ ಕಂಚಿನ ಪದಕ ದೊರೆಯಿತು. ಕೂಡಿಸುವಾಗ ತಪ್ಪಾಗಿದ್ದುದು ಐವತ್ತು ವರ್ಷಗಳ ಬಳಿಕ ಬೆಳಕಿಗೆ ಬಂದು, 1974ರಲ್ಲಿ ಆ ಪದಕವು ಅಮೆರಿಕದ ಆಂಡರ್ಸ್ ಹೌಗನ್‌ಗೆ ಸಂದಿತು. ಹೌಗ್ 1934ರಲ್ಲಿಯೇ ತೀರಿಹೋಗಿದ್ದನು. ಅವನ ಮಗಳು ತನ್ನ ಕೈಯಿಂದಲೇ ಅದನ್ನು ವೃದ್ಧ ಹೌಗನ್‌ಗೆ ಒಪ್ಪಿಸಿದಳು. ಅಳತೆಯನ್ನು ಗೌರವಿಸುವವರು ತಪ್ಪನ್ನು ತಿದ್ದಲು ನಾಚುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ಈಗ ನಮ್ಮವರ ಕಡೆಗೆ ಬರೋಣ. 2018ರ ಒಲಿಂಪಿಕ್ಸಿನ 15 ಕಿಲೋಮೀಟರ್ ಓಟದಲ್ಲಿ ಭಾರತದ ಜಗದೀಶ್ ಸಿಂಗ್ 103ನೆಯವರಾದರು. ಭವಾನಿಯವರು ಚಿಲಿಯಲ್ಲಿ ಮೂರನೆಯವರಾದರು. ಈ ಎರಡು ಸಂಖ್ಯೆಗಳನ್ನು ಮಾತ್ರ ಪಕ್ಕಪಕ್ಕ ಇಟ್ಟರೆ ಏನೂ ತಿಳಿಯದು. ಒಲಿಂಪಿಕ್ಸಿನಲ್ಲಿ ಲೋಕದ ಅತ್ಯುತ್ತಮರೆಲ್ಲ ಸೇರುವರು. ಒಕ್ಕೂಟದ ಸಣ್ಣ ಸ್ಪರ್ಧೆಗಳಿಗೆ ಅವರೆಲ್ಲ ಬರುವುದಿಲ್ಲ. ಹಾಗೆಂದು ಕಂಚಿನ ಬೆಲೆ ಇಳಿಯಿತೇ? ಇಲ್ಲ. ನಾರ್ವೆಯ ಮಗು ನಡೆಯಲು ಕಲಿಯುವಾಗಲೇ ಸ್ಕೀಯನ್ನು ಕಾಣುವುದು. ಕೊಡಗಿನಲ್ಲಿ ಹುಟ್ಟಿದವರು ಹಿಮಕ್ಕಾಗಿ ಗುಲ್ಮಾರ್ಗಕ್ಕೋ ಅದಕ್ಕೂ ದೂರಕ್ಕೋ ಹೋಗಬೇಕು. ನಮ್ಮಲ್ಲಿ ಮಳೆ ಸುರಿಯುವ ತಿಂಗಳುಗಳಲ್ಲಿ ಚಳಿಗಾಲವನ್ನು ಹುಡುಕಿಕೊಂಡು ಭೂಮಧ್ಯರೇಖೆಯಾಚೆಯ ಚಿಲಿಗೆ ಸಾಗಬೇಕು. ಒಕ್ಕೂಟದ ಅಂಕಪಟ್ಟಿಯಲ್ಲಿ ಈ ದೂರಕ್ಕೆ ಅಂಕವಿಲ್ಲ. ಇರಬೇಕೆಂದೂ ನಾನು ಹೇಳುವುದಿಲ್ಲ. ಆದರೆ ಓದುವ ನಾವು ಅದನ್ನು ಮರೆಯಬಾರದು.

ಮನೆಯಲ್ಲಿ ಮೊದಲ ಬಾರಿಗೆ ಪದವಿ ಪರೀಕ್ಷೆಗೆ ಕುಳಿತಿರುವ ನನ್ನಂಥವರಿಗೆ ಈ ಮಾತು ಸುಲಭವಾಗಿ ಅರ್ಥವಾಗುವುದು. ಮುಂದೆ ಇಂಥ ವಾರ್ತೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳೋಣ: ಸ್ಪರ್ಧೆ ಯಾರೊಡನೆ ನಡೆಯಿತು? ಗೆದ್ದವರಿಗೂ ಇವರಿಗೂ ಎಷ್ಟು ಅಂತರವಿತ್ತು? ಹಿಂದಿನ ವರ್ಷಕ್ಕಿಂತ ಆ ಅಂತರ ಕಡಿಮೆಯಾಯಿತೇ? ಉತ್ತರಗಳನ್ನು ತಿಳಿದು ಚಪ್ಪಾಳೆ ತಟ್ಟಿದರೆ ಆ ಚಪ್ಪಾಳೆಗೆ ಬೆಲೆಯುಂಟು.